ನಿಶ್ಚಯದ ಉಂಗುರ: ಇಪ್ಪತ್ತು ವರ್ಷ ಆದ್ಮ್ಯಾಲೂ ಹಳೇದು ಅನಿಸದ ಡಿಸೈನ್ ಅಂತ ಒಂದು ಐತೇನ್ರಿ?

ಸಿಂಧನೂರಕ್ಕ:

ನಮಸ್ಕಾರ್ರೀ ಎಲ್ಲಾರಿಗೂ. ಮುಂದಿನ ತಿಂಗಳು ನನ್ನ ತಮ್ಮನ ನಿಶ್ಚಯ. ಹೆಣ್ಣಿನವರು ಕೊಪ್ಪಳದವರು. ಉಂಗುರ ತರೋ ಜವಾಬ್ದಾರಿ ನನ್ನ ತಲಿಮ್ಯಾಲೆ ಬಂದೈತಿ. ಹುಡುಗಿ ವಾಟ್ಸಾಪ್‌ನಾಗ ಒಂದು ಫೋಟೋ ಕಳಿಸ್ಯಾಳ. ನಡುವ ತತ್ತಿ ಆಕಾರದ್ದೊಂದು ಹರಳು, ಅದರ ಸುತ್ತ ಸಣ್ಣ ಹರಳಿನ ಸಾಲು, ಹಿಂದಿನ ಬಳಿ (ಬೆರಳು ಸುತ್ತೋ ಪಟ್ಟಿ) ದಾರದಷ್ಟು ತೆಳು, ಅದರ ಮ್ಯಾಲೂ ಹರಳು. 18 ಕ್ಯಾರೆಟ್. ಅಂಗಡ್ಯಾಗ ಇದಕ್ಕ 'ಹೇಲೋ' ಅಂತಾರಂತ. ನಮ್ಮವ್ವ ನೋಡಿದಾಕಿನ, "ಹಲೋ ಅಂತ ಬರ್ತೈತಿ, ನಾಲ್ಕು ವರ್ಷಕ್ಕ ಹೋಗಿಬರ್ತೀನಿ ಅಂತೈತಿ" ಅಂದ್ಲು.

ಅವ್ವಂದು ಒಂದ ಹಟ: 22 ಕ್ಯಾರೆಟ್‌ದು, ಹೆಸರಿನ ಅಕ್ಷರದ್ದು. ಆಕಿ 1993ರ ಉಂಗುರ ಅಂಥಾದ್ದ. ಚೌಕ ತಗಡು, ಮ್ಯಾಲೆ ಅಪ್ಪನ ಹೆಸರಿನ ಇಂಗ್ಲಿಷ್ ಅಕ್ಷರ, ಸುತ್ತ ಕೆಂಪು ಮೀನಾ ಬಣ್ಣದ ಲೇಪ. ಖರೆ ಹೇಳಬೇಕಂದ್ರ ಅದನ್ನ ಆಕಿನೂ ಹಾಕ್ಕೊಳ್ಳಂಗಿಲ್ಲ, ಕುಂಕುಮದ ಡಬ್ಬಿ ಪಕ್ಕದಾಗ ಒಂದು ಅರಬಿ ಗಂಟಿನ್ಯಾಗ ಐತಿ. ನಂದು 2011ರದ್ದು. ಎರಡು ಹೃದಯ ಕೂಡಿಸಿದ್ದು, ಒಂದು ಹಳದಿ, ಒಂದು ಬಿಳಿ. ಆಗ ಅದ ಲೇಟೆಸ್ಟ್ ಅಂತಿದ್ರು. ಈಗ ಬಿಳಿದೂ ಹಳದಿ ಆಗೈತಿ. ಯಾರದಾರ ಮದುವ್ಯಾಗ ಹೃದಯ ಅಂಗೈ ಕಡೆ ತಿರುಗಿಸ್ಕೊಂಡು ಕುಂದ್ರತೀನಿ.

ಈಗ ನನ್ನ ಪ್ರಶ್ನೆ. ಯಾವ ಕಾಲಕ್ಕೂ ಚಲೋ ಕಾಣೋ ಡಿಸೈನ್ ಅಂತ ಖರೇನ ಇರ್ತೈತೇನು? ಇಲ್ಲಾ ಅದು ಅಂಗಡಿಯವರು ಹೇಳೋ ಮಾತಷ್ಟೇನು?

ತುಂಗಭದ್ರಾ ಎಡದಂಡೆ:

ಸಾದಾ ಬಂಗಾರದ ಬಳಿ. ಹರಳಿಲ್ಲ, ಅಕ್ಷರ ಇಲ್ಲ. ಮುಗೀತು, ಚರ್ಚೆ ಬಂದ್ ಮಾಡ್ರಿ.

ಬಳ್ಳಾರಿ ಬಿಸಿಲು:

ಅಷ್ಟು ಸಲೀಸಿಲ್ಲ ಗುರುವೇ. ಸಾದಾದ್ರಾಗೂ ಕಾಲ ಗೊತ್ತಾಗುತ್ತೆ. ನಮ್ಮಪ್ಪಂದು ಅಗಲ, ಬೆನ್ನು ಉಬ್ಬಿದ್ದು, ಅರ್ಧ ಬೆರಳು ಮುಚ್ಚುತ್ತೆ. ನಮ್ಮಣ್ಣಂದು ಚಪ್ಪಟೆ, ನಡುವೆ ಒಂದು ಗೀಟು. ನಂದು ತಂತಿ. ಮೂರನ್ನೂ ಟೇಬಲ್ ಮೇಲಿಟ್ರೆ ಯಾವುದು ಯಾವ ಇಸ್ವಿದು ಅಂತ ನಮ್ಮ ಮನೆ ಸಣ್ಣ ಹುಡುಗನೂ ಹೇಳ್ತಾನೆ.

ಮೂಕ ಓದುಗ:

ನಿಮ್ದು ತಂತಿ ಆಗಿರೋದು ಫ್ಯಾಷನ್ನಿಂದ ಅಲ್ರಿ, ರೇಟಿನಿಂದ.

ಬಳ್ಳಾರಿ ಬಿಸಿಲು:

ಅದನ್ನ ನನ್ನ ಹೆಂಡ್ತಿ ಮುಂದೆ ಹೇಳಬ್ಯಾಡ್ರಿ ಸ್ವಾಮಿ. ಆಕೆಗೆ 'ಮಿನಿಮಲ್ ಡಿಸೈನ್' ಅಂತ ಹೇಳಿ ನಂಬಿಸಿದೀನಿ.

ಪತ್ತಾರ ಮನಿ ಹುಡುಗ:

ಅಕ್ಕಾರ, ನಾನು ಲಿಂಗಸುಗೂರು ಕಡೆಯಾಂವ. ನಮ್ಮಜ್ಜ, ನಮ್ಮಪ್ಪ, ಈಗ ನಾನು, ಮೂರು ತಲಿ ಇದ ಬಂಗಾರದ ಕೆಲಸ. ಯಾವ ಡಿಸೈನ್ ಹಳೇದಾಗೈತಿ ಅಂತ ತಿಳೀಬೇಕಂದ್ರ ಶೋರೂಮಿಗೆ ಹೋಗಬ್ಯಾಡ್ರಿ, ಬಂಗಾರ ಕರಗಿಸೋ ಮೂಸಿ ಮುಂದ ಬಂದು ಕುಂದರ್ರಿ. ಕರಗಿಸಾಕ ಏನು ಬರ್ತೈತೋ ಅದ ಸತ್ತ ಫ್ಯಾಷನ್.

ಕಳೆದ ಐದಾರು ವರ್ಷದಾಗ ನನ್ನ ಕೈಯಿಂದ ಮೂಸಿಗೆ ಹೋದದ್ದು ಹೇಳ್ತೀನಿ. ಮೊದಲನೇದು ಅಕ್ಷರದ ಉಂಗುರ, ಲೆಕ್ಕಾನ ಇಲ್ಲ. ಎರಡನೇದು ನಿಮ್ಮ ಜೋಡಿ ಹೃದಯ (ಬ್ಯಾಸರ ಮಾಡ್ಕೋಬ್ಯಾಡ್ರಿ). ಆಮ್ಯಾಲೆ ಸಾಸಿವಿಯಷ್ಟು ವಜ್ರ ಇಟ್ಟು ಸುತ್ತ ಬಿಳಿ ತಗಡು ಕೆತ್ತಿ ದೊಡ್ಡ ಹರಳಿನಂಗ ಕಾಣಿಸ್ತಿದ್ರಲ್ಲ, ಅದು. 2000ದ ಆಚೀಚೆ ಊರಿಗೆಲ್ಲಾ ಅದ ಇತ್ತು. ಈಗ ಜನ ತಂದು ಕೊಟ್ಟಾಗ ವಜ್ರ ಎಲ್ಲೈತಿ ಅಂತ ಭೂತಗನ್ನಡಿ ಹಾಕಿ ಹುಡುಕಬೇಕು.

ಕರಗಿಸಾಕ ಬರದಿದ್ದು ಯಾವುದು ಅಂದ್ರ, ಒಂಟಿ ಹರಳಿಂದು. ಹವಳ ಇರಲಿ, ಮುತ್ತು ಇರಲಿ, ವಜ್ರ ಇರಲಿ. ಅದು ಸವೀತೈತಿ, ಹರಳು ಸಡಿಲ ಆಗತೈತಿ, ರಿಪೇರಿಗೆ ಬರ್ತೈತಿ. ಮೂಸಿಗೆ ಬರೂದಿಲ್ಲ.

ನಿಮ್ಮ ಉಂಗುರ ಹಳದಿ ಆಗಿದ್ದು ಯಾಕಂದ್ರ, ಆ ಬಿಳಿ ಭಾಗ ಬಿಳಿ ಬಂಗಾರ ಅಲ್ಲ. ಹಳದಿ ಬಂಗಾರದ ಮ್ಯಾಲೆ ರೋಡಿಯಂ ಅನ್ನೋ ಬಿಳಿ ಲೋಹದ ಲೇಪನ. ದಿನಾ ಹಾಕ್ಕೊಂಡ್ರ ಒಂದೆರಡು ವರ್ಷಕ್ಕ ಸವೀತೈತಿ. ಖರೆ ಬಿಳಿ ಬಂಗಾರಕ್ಕೂ ಮ್ಯಾಲೆ ಅದ ಲೇಪನ ಇರ್ತೈತಿ, ಹೋದ್ರ ಒಳಗಿನ ಮಬ್ಬು ಹಳದಿ ಕಾಣತೈತಿ. ತಂದ್ರ ಮತ್ತ ಹಾಕಿಕೊಡ್ತಾರ, ಏನೂ ದೊಡ್ಡ ಖರ್ಚಿಲ್ಲ.

ಸಿಂಧನೂರಕ್ಕ:

ಹದಿನಾಲ್ಕು ವರ್ಷ ಇದನ್ನ ಯಾರೂ ಹೇಳಲಿಲ್ಲ ನೋಡ್ರಿ. ನಾನು ನನ್ನ ಕೈ ಬೆವರಿಂದ ಹಿಂಗಾಗೈತಿ ಅನ್ಕೊಂಡಿದ್ದೆ. ಅಂಗಡಿಯಾಂವ "ನಿಮ್ಮ ಮೈಗುಣ ಅಕ್ಕಾ" ಅಂದಿದ್ದ!

ಎಡದೊರೆ ನಾಡು:

ಅಕ್ಷರದ ಉಂಗುರ ಸತ್ತ ಫ್ಯಾಷನ್ ಅಂತ ಪತ್ತಾರರು ತೀರ್ಪು ಕೊಟ್ಟುಬಿಟ್ರು. ಸ್ವಲ್ಪ ತಡೀರಿ. ಸಿಂಧನೂರಿಂದ ಗಂಗಾವತಿ ದಾಟಿ ಆನೆಗೊಂದಿಗೆ ಹೋದ್ರ ಅದ ಕಿಷ್ಕಿಂಧೆ ಅಂತೀವಲ್ಲ? ರಾಮ ಹನುಮಂತನ ಕೈಯಾಗ ಉಂಗುರ ಕೊಟ್ಟು ಕಳಿಸಿದ್ದು ಅಲ್ಲಿಂದ. ಆ ಉಂಗುರದ ಮ್ಯಾಲೆ ಏನಿತ್ತು? ರಾಮನ ಹೆಸರು. ವಾಲ್ಮೀಕಿನ ಹಂಗ ಬರದಾನ. ಸೀತಮ್ಮ ಹರಳು ನೋಡಿ ಅಲ್ಲ, ಹೆಸರು ನೋಡಿ ನಂಬಿದ್ಲು. ಸಿಂಧನೂರಕ್ಕನ ಅವ್ವನ ಡಿಸೈನ್ ತ್ರೇತಾಯುಗದ್ದು.

ಇನ್ನೊಂದು. ನಿಮ್ಮೂರಿಂದ ಮಸ್ಕಿ ಎಷ್ಟು ದೂರ? 1915ರಾಗ ಅಲ್ಲಿ ಬಂಗಾರ ಹುಡುಕ್ಕೋತ ಬಂದ ಬ್ರಿಟಿಷ್ ಗಣಿ ಎಂಜಿನಿಯರನಿಗೆ ಸಿಕ್ಕಿದ್ದು ಬಂಡೆಗಲ್ಲಿನ ಮ್ಯಾಲಿನ ಶಾಸನ. ಅದರಾಗ 'ಅಶೋಕ' ಅಂತ ಹೆಸರು ಇದ್ದದ್ದಕ್ಕ, ಬ್ಯಾರೆ ಕಡೆ ಬರೇ 'ದೇವಾನಾಂಪ್ರಿಯ' ಅಂತ ಇದ್ದಾಂವ ಯಾರಂತ ಗಟ್ಟಿ ಆಯ್ತು. ಹೆಸರು ಕೆತ್ತಿಸೋದು ಸಣ್ಣ ಮಾತಲ್ಲ.

ಪತ್ತಾರ ಮನಿ ಹುಡುಗ:

ಒಪ್ಪಿದೆ ಸರ್. ಆದ್ರ ರಾಮಚಂದ್ರ ಆ ಉಂಗುರ ತಂದು ನಮ್ಮ ಅಂಗಡ್ಯಾಗ ಎಕ್ಸ್‌ಚೇಂಜಿಗೆ ಕೇಳಿಲ್ಲ.

ತುಂಗಭದ್ರಾ ಎಡದಂಡೆ:

😂😂

ಮೆಜೆಸ್ಟಿಕ್ ಟು ಮಾನ್ವಿ:

ಎಲ್ಲರೂ ಒಂದು ವಿಷಯ ಬಿಟ್ಟಿದ್ದೀರಿ. ನಿಶ್ಚಯಕ್ಕೆ ವಜ್ರದ ಉಂಗುರ ಅನ್ನೋದೇ ನಮ್ಮದಲ್ಲ. ಯುರೋಪಿನಲ್ಲಿ 1477ರಲ್ಲಿ ಆಸ್ಟ್ರಿಯಾದ ರಾಜಕುಮಾರ ಮ್ಯಾಕ್ಸಿಮಿಲಿಯನ್ ಬರ್ಗಂಡಿಯ ಮೇರಿಗೆ ಕೊಟ್ಟ ಅಂತ ಅವರು ಹೇಳ್ಕೋತಾರೆ. ಆಮೇಲೂ ಅದು ರಾಜರ ಮನೆಯ ಶೋಕಿ ಆಗಿತ್ತು. ಸಾಮಾನ್ಯರ ಬೆರಳಿಗೆ ಅದನ್ನ ಇಳಿಸಿದ್ದು ಡಿ ಬೀರ್ಸ್ ಕಂಪನಿಯ ಜಾಹೀರಾತು. 'ವಜ್ರ ಶಾಶ್ವತ' ಅನ್ನೋ ಅರ್ಥದ ಆ ಸಾಲನ್ನ 1947ರಲ್ಲಿ ಫ್ರಾನ್ಸಿಸ್ ಜೆರೆಟಿ ಅನ್ನೋ ಹೆಣ್ಣುಮಗಳು ಬರೆದಿದ್ದು. ಆಕೆ ಕೊನೇವರೆಗೂ ಮದುವೆ ಆಗಲಿಲ್ಲ ಅನ್ನೋದು ಇನ್ನೊಂದು ತಮಾಷೆ.

ಅಂದ್ರೆ 'ಎಂದಿಗೂ ಹಳೇದಾಗಲ್ಲ' ಅನ್ನೋ ಮಾತೇ ಮಾರಾಟದ ಮಾತು. ಕೇಳ್ತಿರೋ ಪ್ರಶ್ನೆಯನ್ನೂ ಅಂಗಡಿಯೋರೇ ನಮ್ಮ ಬಾಯಿಗೆ ಇಟ್ಟಿದ್ದಾರೆ.

ಖಡಕ್ ರೊಟ್ಟಿ:

ಬೆಂಗಳೂರಿಗೆ ಹೋದಮ್ಯಾಲೆ ಎಲ್ಲಾನೂ ಕಂಪನಿ ಸಂಚು ಅಂತ ಕಾಣತೈತಿ ಇವರಿಗೆ. ತಮ್ಮಾ, ಹುಡುಗಿಗೆ ಉಂಗುರ ಬೇಕು, ಇತಿಹಾಸ ಅಲ್ಲ.

ಮೆಜೆಸ್ಟಿಕ್ ಟು ಮಾನ್ವಿ:

ಇತಿಹಾಸ ಗೊತ್ತಿದ್ರೆ ಉಂಗುರ ಆರಿಸೋದು ಸುಲಭ ಅಕ್ಕ. ಎರಡು ಉದಾಹರಣೆ. ಉಂಗುರದ ಮೇಲೆ ಆರು ಉಗುರು ಹಿಡಿದು ಎತ್ತರಕ್ಕೆ ನಿಲ್ಲಿಸಿದ ಒಂಟಿ ಹರಳು ಟಿಫನಿ ಅಂಗಡಿಯವರು 1886ರಲ್ಲಿ ತಂದದ್ದು. ಗುಂಡು ಹರಳನ್ನ ಯಾವ ಅಳತೆ, ಯಾವ ಕೋನಕ್ಕೆ ಕತ್ತರಿಸಿದ್ರೆ ಹೆಚ್ಚು ಹೊಳೆಯುತ್ತೆ ಅಂತ ಲೆಕ್ಕ ಹಾಕಿ ಟಾಲ್ಕೋವ್‌ಸ್ಕಿ ಅನ್ನೋರು ಪ್ರಕಟಿಸಿದ್ದು 1919ರಲ್ಲಿ. ಅವೆರಡನ್ನೂ ಸೇರಿಸಿದ್ರೆ ಬರೋ ಉಂಗುರ ಇವತ್ತು ಬಳ್ಳಾರಿಯಲ್ಲೂ ಸಿಗುತ್ತೆ, ಯಾರೂ ಹಳೇದು ಅನ್ನಲ್ಲ. ನೂರು ವರ್ಷ ದಾಟಿದ್ದು ಇನ್ನಿಪ್ಪತ್ತು ವರ್ಷ ದಾಟದೇ ಇರುತ್ತಾ?

ಗವಿಮಠದ ಬೀದಿ:

ಹಂಗಂದ್ರ ಹುಡುಗಿ ಕೇಳಿದ್ದೂ ತಪ್ಪಲ್ಲಲ್ರಿ. ಬ್ರಿಟನ್ ಅರಮನಿ ಸೊಸಿ ಡಯಾನಾದು 1981ರದ್ದು, ನಡುವ ನೀಲ, ಸುತ್ತ 14 ವಜ್ರ. ಅದೂ ಹೇಲೋನ. 2010ರಾಗ ಆಕಿ ಮಗ ಅದನ್ನ ತನ್ನ ಹುಡುಗಿಗೆ ಹಾಕಿದ. ಆಮ್ಯಾಲೆ ನಮ್ಮ ಜವಾಹರ ರೋಡಿನ ಅಂಗಡ್ಯಾಗೂ ನೀಲಿ ಹರಳಿನ ಉಂಗುರ ಬಂತು. ನಮ್ಮ ಚಿಗವ್ವ ತಗೊಂಡ್ಲು. ನೀಲಿ ಗಾಜು, ಸುತ್ತ ಅಮೆರಿಕನ್ ಡೈಮಂಡ್.

ಸೊಂಡೂರು ಹುಡುಗ:

ನಿಮ್ಮ ಚಿಗವ್ವನ ಉಂಗುರ ಈಗ ಎಲ್ಲೈತಿ?

ಗವಿಮಠದ ಬೀದಿ:

ಪತ್ತಾರರನ್ನ ಕೇಳಬೇಕು.

ಸೊಂಡೂರು ಹುಡುಗ:

ಅದ ನಾ ಹೇಳೋದು. ರಾಣಿ ಹಾಕ್ಕೊಂಡ್ರ ಅದು ಪರಂಪರೆ, ಚಿಗವ್ವ ಹಾಕ್ಕೊಂಡ್ರ ಹಳೇ ಫ್ಯಾಷನ್. ಡಿಸೈನಿಂದೇನೂ ತಪ್ಪಿಲ್ಲ.

ಆದ್ರ ಗಂಡಸರ ಉಂಗುರದ ಬಗ್ಗೆ ಯಾರೂ ಮಾತಾಡಲಿಲ್ಲ ನೋಡ್ರಿ. ನಮ್ಮ ಕಡೆ ಹೆಣ್ಣಿನವರು ಹುಡುಗಂಗ ಹಾಕೋದು ಅದಕ್ಕಿಂತ ದೊಡ್ಡ ಕಥಿ. 2006-07ರಾಗ ಗಣಿ ಧೂಳು ಎದ್ದಿತ್ತಲ್ಲ, ಲಾರಿ ಸಾಲು ನಿಂತ್ರ ಕೆಂಪು ಧೂಳಿನ್ಯಾಗ ಎದುರಿಗಿನ ಮನಿ ಕಾಣ್ತಿದ್ದಿಲ್ಲ, ಆಗಿನ ಉಂಗುರ ನೀವು ನೋಡಬೇಕಿತ್ತು. ಸಿಂಹದ ಮುಖ, ಕಣ್ಣಿಗೆ ಕೆಂಪು ಹರಳು, ಎರಡು ತೊಲಿ ತೂಕ. ಚಹಾ ಲೋಟ ಹಿಡಿದ್ರ ಕಿಣಿಕಿಣಿ ಅಂತಿತ್ತು. ಎರಡು ಲಾರಿ ಇದ್ದಾಂವಗ ಬೀಗರು ಸಿಂಹ ಹಾಕಲಿಲ್ಲ ಅಂದ್ರ ಮರ್ಯಾದಿ ಇರ್ತಿದ್ದಿಲ್ಲ. 2011ರ ಜುಲೈನಾಗ ಸುಪ್ರೀಂ ಕೋರ್ಟ್ ಬಳ್ಳಾರಿ ಗಣಿ ಬಂದ್ ಮಾಡ್ತು. ಲಾರಿ ನಿಂತ್ವು, ಕಂತು ನಿಲ್ಲಲಿಲ್ಲ. ನಮ್ಮ ಮಾಮಾನ ಸಿಂಹ ಆ ದೀಪಾವಳಿ ನೋಡಲಿಲ್ಲ.

ಪತ್ತಾರ ಮನಿ ಹುಡುಗ:

ಸಿಂಹದ ಬಗ್ಗೆ ಖರೆ ಮಾತು. ನಮ್ಮ ಸಂಬಂಧಿಕರದು ಬಳ್ಳಾರಿ ಕಾಳಮ್ಮ ಬೀದ್ಯಾಗ ಕೆಲಸ. ಅವರು ಹೇಳ್ತಿದ್ರು, ಆಗ ಒಂದೊಂದು ದಿನ ಬರೇ ಸಿಂಹ ಕರಗಿಸೋದ ಆಗ್ತಿತ್ತಂತ. ಮೂಸಿಗೆ ಬಿಳಿಗಾರ ಹಾಕಿ ಊದೋಮುಂದ ಕಡೀಕ ಕರಗೋದು ಸಿಂಹದ ಮೂಗಂತ.

ಫ್ಯಾಷನ್ ಅಂತೀವಲ್ಲ, ಅದರಾಗ ಅರ್ಧ ರೇಟಿನ ಮಾತ. 2012ರಾಗ ಹತ್ತು ಗ್ರಾಂ 31 ಸಾವಿರದ ಆಸುಪಾಸು ಇತ್ತು. 2025ರ ಏಪ್ರಿಲ್‌ನಾಗ 1 ಲಕ್ಷ ಮುಟ್ತು. ಅದಕ್ಕ ಈಗಿನ ಉಂಗುರ ತೆಳು, ಅದಕ್ಕ 18 ಮತ್ತು 14 ಕ್ಯಾರೆಟ್, ಅದಕ್ಕ ಸುತ್ತ ಸಣ್ಣ ಹರಳು ಹಚ್ಚಿ ದೊಡ್ಡದು ಕಾಣಿಸೋದು. ಅಂಗಡ್ಯಾಗ ಇದನ್ನ 'ಟ್ರೆಂಡ್' ಅಂತ ಕರೀತಾರ. ಬಂಗಾರ ಅಗ್ಗ ಆದ್ರ ನಾಳಿನ ದಪ್ಪ ಉಂಗುರ ಟ್ರೆಂಡ್ ಆಗತೈತಿ, ಬರೆದಿಟ್ಕೋರಿ.

ನಿವೃತ್ತ ಮಾಸ್ತರ, ರಾಯಚೂರು:

14 ಕ್ಯಾರೆಟ್ ಮಾತು ಬಂದದ್ದಕ್ಕೆ ಒಂದು ಹಳೇ ಸಂಗತಿ ಹೇಳ್ತೀನಿ, ಉದ್ದ ಆದ್ರ ಕ್ಷಮಿಸ್ರಿ.

1963ರ ಜನವರಿಯಲ್ಲಿ ಮೊರಾರ್ಜಿ ದೇಸಾಯಿಯವರು ಹಣಕಾಸು ಮಂತ್ರಿ. ಚೀನಾ ಯುದ್ಧ ಆಗಷ್ಟೇ ಮುಗಿದಿತ್ತು. ಬಂಗಾರ ನಿಯಂತ್ರಣ ಅಂತ ಕಾನೂನು ತಂದ್ರು. 14 ಕ್ಯಾರೆಟ್‌ಗಿಂತ ಹೆಚ್ಚಿನ ಒಡವಿ ಮಾಡಬಾರದು. ನನ್ನ ಸೋದರತ್ತಿ ಲಗ್ನ ಅದರ ಮರುವರ್ಷ. ನಾನು ಏಳು ವರ್ಷದಾಂವ. ಉಂಗುರ ತಂದು ತಾಟಿನ್ಯಾಗ ಇಟ್ಟಾಗ ಬೀಗರ ಕಡೆ ಒಬ್ಬ ಹಿರಿಯಳು ಅದನ್ನ ಎತ್ತಿ ಬೆಳಕಿಗೆ ಹಿಡಿದು, "ಇದು ಹಿತ್ತಾಳಿ ತಂಗಿ" ಅಂದಳು. ಬಣ್ಣ ಕೆಂಪು ಹೊಡೀತಿತ್ತು, ತಾಮ್ರ ಹೆಚ್ಚಾಗಿ. ನಮ್ಮ ಅಜ್ಜ ಕಾನೂನು ಹೇಳಿದ, ಅವರು ಕೇಳಲಿಲ್ಲ. ಪಂಚಾಂಗ ಮಡಚಿ ಪುರೋಹಿತರು ಎದ್ದು ನಿಂತಿದ್ದು ನನಗ ಇನ್ನೂ ಕಣ್ಣಿಗೆ ಕಟ್ಟಿದಂಗ ಅದ. ಕಡೀಕ ಅಜ್ಜಿ ತನ್ನ ಬೆರಳಿಂದು ತೆಗೆದು ಕೊಟ್ಟಳು, ಆಮೇಲೆ ಮಂದಿ ಊಟಕ್ಕೆ ಕೂತರು.

ಆ ಹೊತ್ತಿನಾಗ ಎಷ್ಟೋ ಪತ್ತಾರರ ಮನಿ ಒಲಿ ಆರಿತು. ಬ್ಯಾರೆ ಕೆಲಸ ಹುಡುಕಿಕೊಂಡು ಹೋದವರು ಅದಾರ. ಕ್ಯಾರೆಟ್ ಮಿತಿ ಮೂರು ವರ್ಷದಾಗ ಸಡಿಲಾಯ್ತು, ಆದರ ನಿಯಂತ್ರಣದ ಕಾನೂನು ಪೂರ್ತಿ ಹೋದದ್ದು 1990ರಾಗ.

ಹೋದ ವರ್ಷ ನನ್ನ ಮೊಮ್ಮಗಳು ನಿಶ್ಚಯದ ಉಂಗುರ ತಂದು ತೋರಿಸಿದಳು. 'ರೋಸ್ ಗೋಲ್ಡ್ ತಾತ, ಲೇಟೆಸ್ಟ್' ಅಂದಳು. ಒಳಗೆ 585 ಅಂತ ಹಾಲ್‌ಮಾರ್ಕ್. 585 ಅಂದ್ರ 14 ಕ್ಯಾರೆಟ್. ಅದ ಬಣ್ಣ, ಅದ ತಾಮ್ರ. ನಮ್ಮ ಸೋದರತ್ತಿ ಉಂಗುರ ಹಿತ್ತಾಳಿ ಅನಿಸಿಕೊಂಡಿತ್ತು!

ಖಡಕ್ ರೊಟ್ಟಿ:

ಮಾಸ್ತರ್ರೀ, ಓದಿ ಕಣ್ಣಾಗ ನೀರು ಬಂತು, ನಗಿನೂ ಬಂತು. ಆ ಮೊದಲಿನ ಉಂಗುರ ಏನಾಯ್ತು?

ನಿವೃತ್ತ ಮಾಸ್ತರ, ರಾಯಚೂರು:

ಅಜ್ಜಿ ಬೆರಳಿಗೆ ಹೋಯ್ತು. ಸಾಯೋತನಕ ಅಲ್ಲೇ ಇತ್ತು. ಹಟಕ್ಕ ಹಾಕ್ಕೊಂಡಿದ್ದಳು ಅಂತ ನಮ್ಮ ತಂದಿ ಅಂತಿದ್ದರು.

ತುಂಬಾ ಮಾತಾಡ್ತೀನಿ:

ವಜ್ರ ವಜ್ರ ಅಂತೀರಿ, ಅಂಗಡಿಗೆ ಯಾಕ ಹೋಗ್ತೀರಿ? ಮುಂಗಾರು ಮೊದಲ ಮಳಿ ಬಿದ್ದಮ್ಯಾಲೆ ವಜ್ರಕರೂರಿಗೆ ಹೋಗ್ರಿ. ಬಳ್ಳಾರಿಯಿಂದ ಗುಂತಕಲ್ ದಾಟಿದ್ರ ಆಯ್ತು. ಹೊಲದಾಗ ಜನ ಸಾಲಾಗಿ ಬಗ್ಗಿ ನಡೀತಿರ್ತಾರ. ನಮ್ಮ ಚಿಕ್ಕಪ್ಪ ಮೂರು ದಿನ ಬುತ್ತಿ ಕಟ್ಕೊಂಡು ಹೋಗಿ, ಗುಡಿ ಕಟ್ಟಿಮ್ಯಾಲೆ ಮಲಗಿ, ಒಂದು ಚೀಲ ಬೆಣಚುಕಲ್ಲು ತಂದ. ಚಿಕ್ಕವ್ವ ಅವನ್ನ ತುಳಸಿಕಟ್ಟಿ ಸುತ್ತ ಹಾಕ್ಯಾಳ. ಚಂದ ಕಾಣತಾವ, ಬ್ಯಾಸಗ್ಯಾಗ ಹೊಳೀತಾವ.

ಎಡದೊರೆ ನಾಡು:

ವಿಜಯನಗರದ ಕಾಲಕ್ಕ ಈ ಸೀಮಿ ವಜ್ರ ಹಂಪಿ ಬಜಾರಿಗೇ ಬರ್ತಿದ್ವು. ಪೋರ್ತುಗೀಸ್ ಪ್ರವಾಸಿ ಪಯಸ್ ಬರೆದಿಟ್ಟಾನಲ್ಲ, ಬೀದಿ ಬದಿಗೆ ಮಾಣಿಕ್ಯ, ಪಚ್ಚೆ, ಮುತ್ತು, ವಜ್ರ ಮಾರ್ತಿದ್ರು ಅಂತ.

ತುಂಗಭದ್ರಾ ಎಡದಂಡೆ:

ಅದನ್ನ ಕೇಳಿ ಕೇಳಿ ಸಾಕಾಯ್ತು. ಈಗ ಆ ಬೀದ್ಯಾಗ ಸಿಗೋದು ಎಳನೀರು. ವಿಷಯಕ್ಕ ಬರ್ರಿ.

ಖಡಕ್ ರೊಟ್ಟಿ:

ವಿಷಯಕ್ಕ ನಾ ಬರ್ತೀನಿ. ನೀವು ಗಂಡಸರು ಎಲ್ಲಾ ಕಾಲದ ಬಗ್ಗೆ ಮಾತಾಡಿದ್ರಿ, ಕೈ ಬಗ್ಗೆ ಯಾರೂ ಮಾತಾಡಲಿಲ್ಲ.

ನಂದು 2016ರದ್ದು, ಥೇಟ್ ಈಕಿ ಫೋಟೋ ಕಳಿಸಿದಂಥಾದ್ದು. ಮದುವಿ ಆಗಿ ಕುಷ್ಟಗಿಗೆ ಬಂದೆ. ಮೊದಲನೇ ದಿನ ರೊಟ್ಟಿ ಬಡಿಯಾಕ ಕುಂತೆ. ಜ್ವಾಳದ ಹಿಟ್ಟು ನಾದಿ ಕೊಣಮಿಗ್ಯಾಗ ತಟ್ಟಿದ್ರ ಪ್ರತಿ ಏಟಿಗೂ ರೊಟ್ಟಿ ಮ್ಯಾಲೆ ಒಂದು ಗುಳಿ. ತಿರುಗಿಸಿದ್ರ ಗುಳಿ ಇದ್ದಲ್ಲಿ ಹರೀತು. ನಮ್ಮತ್ತಿ ಒಂದು ಮಾತೂ ಆಡಲಿಲ್ಲ. ಆ ರೊಟ್ಟಿ ಎತ್ತಿ ಬೆಳಕಿಗೆ ಹಿಡಿದು ತೂತಿನ್ಯಾಗಿಂದ ನನ್ನ ನೋಡಿದ್ರು, ಅಷ್ಟ. ಉಂಗುರ ತೆಗೆದಿಟ್ಟೆ. ತೆಗೆದಿಟ್ಟಲ್ಲಿ ಮರೆತೆ. ಮನಿಮಂದಿ ಎಲ್ಲಾ ಹಿಟ್ಟಿನ ಡಬ್ಬಿ ಬೋರಲು ಹಾಕಿ ಹುಡುಕಿದ್ರು.

ಅದರ ಮ್ಯಾಲೆ ಆ ಸಣ್ಣ ಹರಳಿನ ಸಂದಿ. ಹಿಟ್ಟು ಒಣಗಿ ಅಲ್ಲೇ ಕುಂತ್ರ ದೂರದಿಂದ ಅದೂ ಒಂದು ಹರಳಿನಂಗ ಕಾಣತೈತಿ. ವಾರಕ್ಕೊಮ್ಮಿ ಬೆಚ್ಚನ ನೀರಾಗ ಶಾಂಪೂ ಹಾಕಿ ಹಳೇ ಹಲ್ಲುಜ್ಜೋ ಬ್ರಷ್ ತಗೊಂಡು ತಿಕ್ಕಬೇಕು. ಈಗಾಗಲೇ ಮೂರು ಹರಳು ಉದುರ್ಯಾವ. ನನ್ನ ಕೇಳಿದ್ರ ಹರಳಿನ ಸುತ್ತ ಬಂಗಾರದ ಅಂಚು ಕಟ್ಟಿ, ಬೆರಳಿಗೆ ಹತ್ತಿ ಕುಂದ್ರೋಹಂಗ ತಗ್ಗಿಗೆ ಕೂಡಿಸಿದ್ದು ತಗೋರಿ. ಕೈಯಾಗ ಉಳಿದದ್ದಷ್ಟ ಉಂಗುರ. ಡಬ್ಬ್ಯಾಗ ಉಳಿದದ್ದಕ್ಕ ಹೊಸದೇನು, ಹಳೇದೇನು?

ಸೊಂಡೂರು ಹುಡುಗ:

ತೂತಿನ್ಯಾಗಿಂದ ನೋಡಿದ್ರು ಅನ್ನೋದು 😂 ಅತ್ತಿಗೆ ನಮಸ್ಕಾರ ತಿಳಿಸ್ರಿ.

ಮೆಜೆಸ್ಟಿಕ್ ಟು ಮಾನ್ವಿ:

ಲ್ಯಾಬ್ ವಜ್ರದ ಬಗ್ಗೆ ಯಾರಾದ್ರೂ ಹೇಳಿ. ಅದೇ ಇಂಗಾಲ, ಅದೇ ಗಟ್ಟಿತನ, ಗಣಿ ಬದಲು ಯಂತ್ರದಲ್ಲಿ ಬೆಳೆಸಿದ್ದು. 2023ರಲ್ಲಿ ಪ್ರಧಾನಿಯವರು ಅಮೆರಿಕದ ಆಗಿನ ಅಧ್ಯಕ್ಷರ ಪತ್ನಿಗೆ ಉಡುಗೊರೆ ಕೊಟ್ಟ 7.5 ಕ್ಯಾರೆಟ್ ತೂಕದ ವಜ್ರ ಕೂಡ ಲ್ಯಾಬ್‌ನದು. ದುಡ್ಡು ಉಳಿಯುತ್ತೆ, ದೊಡ್ಡ ಹರಳು ಬರುತ್ತೆ.

ಬಳ್ಳಾರಿ ಬಿಸಿಲು:

ನಾಳೆ ಮಾರಾಕೆ ಹೋದ್ರೆ ಏನ್ ಬರುತ್ತೆ ಅದನ್ನೂ ಹೇಳಿ. ಬೆಲೆ ವರ್ಷ ವರ್ಷ ಇಳೀತಾ ಐತೆ.

ಪತ್ತಾರ ಮನಿ ಹುಡುಗ:

ನೆಲದಾಗಿಂದ ತೆಗೆದ ಸಣ್ಣ ವಜ್ರಕ್ಕೂ ವಾಪಸ್ ಕೊಡೋಮುಂದ ದೊಡ್ಡ ರೊಕ್ಕ ಬರೂದಿಲ್ಲ ಅಣ್ಣಾರ. ಸುತ್ತ ಹಚ್ಚಿದ ಸಣ್ಣ ಹರಳನ್ನಂತೂ ತೂಕದಾಗ ಕಳೀತಾರ. ಬಂಗಾರಕ್ಕ ಬೆಲಿ, ಮಜೂರಿ ನೀರಿಗೆ ಹೋಮ. ಅದಕ್ಕ ಲ್ಯಾಬ್‌ದು ತಗೊಳ್ಳಾಕ ಹರಕತ್ತಿಲ್ಲ, ಹಾಕ್ಕೊಳ್ಳಾಕ ತಗೋರಿ, ಮಾರಾಕ ಅಲ್ಲ.

ಪ್ಲಾಟಿನಂ ಬಗ್ಗೆ ಯಾರಾರ ಕೇಳೋಕಿಂತ ಮೊದಲ ಹೇಳ್ತೀನಿ. ಬಂಗಾರ 1064 ಡಿಗ್ರಿಗೆ ಕರಗತೈತಿ, ಪ್ಲಾಟಿನಂಗೆ 1768 ಬೇಕು. ನನ್ನಂಥ ಪತ್ತಾರನ ಊದುಗೊಳವಿಗೆ ಅದು ಬಗ್ಗಂಗಿಲ್ಲ. ಬೆರಳು ದಪ್ಪ ಆತು, ಬಿಗಿ ಆತು ಅಂದ್ರ ಬೆಂಗಳೂರಿಗೋ ಹೈದರಾಬಾದಿಗೋ ಕಳಿಸಬೇಕು.

ಅಳತಿ ಬಗ್ಗೆನೂ ಒಂದು ಮಾತು. ಬಳಿ ಸುತ್ತಲೂ ಹರಳಿದ್ದ ಉಂಗುರ ಮುಂದ ಹಿಗ್ಗಿಸಾಕ, ಕುಗ್ಗಿಸಾಕ ಬರೂದಿಲ್ಲ. ಕೆಳಗಿನ ಅರ್ಧ ಸಾದಾ ಬಿಡಿಸ್ರಿ. ಬಳಿ 1.5 ಮಿಲಿಮೀಟರ್‌ಗಿಂತ ತೆಳು ಬ್ಯಾಡ. ಬೆರಳಿನ ಅಳತಿ ಮುಂಜಾನಿ ತಗೋಬ್ಯಾಡ್ರಿ. ನಮ್ಮ ಕಡೆ ಬಿಸಿಲಿಗೆ ಮಧ್ಯಾಹ್ನ ಬೆರಳು ಬಾತಿರತಾವ. ಸಂಜಿಮುಂದ ತಗೋರಿ. ಬಿಲ್ಲಿನ್ಯಾಗ ಬಂಗಾರದ ತೂಕ ಬ್ಯಾರೆ, ಹರಳಿನ ತೂಕ ಬ್ಯಾರೆ ಬರೆಸ್ರಿ. ಒಳಗಿನ ಆರು ಅಂಕಿ-ಅಕ್ಷರದ ಎಚ್‌ಯುಐಡಿ ನಂಬರ್ (ಒಡವಿಗೊಂದರಂಗ ಕೊಡೋ ಹಾಲ್‌ಮಾರ್ಕ್ ಗುರುತು) ಬಿಐಎಸ್ ಕೇರ್ ಆ್ಯಪಿನ್ಯಾಗ ಹಾಕಿ ನೋಡ್ರಿ.

ಗವಿಮಠದ ಬೀದಿ:

ಎಲ್ಲಾರೂ ಹಳೇದಾದ್ರ ಕೆಟ್ಟದ್ದು ಅಂತ ಹಿಡ್ಕೊಂಡೀರಿ. ಹಳೇದಾಗಲಿ ಬಿಡ್ರಿ! ಮದುವಿ ಫೋಟೋದಾಗಿನ ಹೇರ್‌ಸ್ಟೈಲ್ ಹಳೇದಾಗಂಗಿಲ್ಲೇನು? ಅದನ್ನೇನು ಹರಿದು ಒಗೀತೀವೇನು?

ಬಳ್ಳಾರಿ ಬಿಸಿಲು:

ಹೇರ್‌ಸ್ಟೈಲನ್ನ ಫೋಟೋದಲ್ಲೇ ಬಿಟ್ಟು ಬರ್ತೀವಿ ತಾಯಿ, ಬೆರಳಲ್ಲಿ ಇಟ್ಕೊಂಡು ಓಡಾಡಲ್ಲ. ಓಡಾಡಂಗಿದ್ರೆ ನಾನು 1999ರಲ್ಲಿ ಹೆಂಗಿದ್ದೆ ಗೊತ್ತಾ.

ಮೂಕ ಓದುಗ:

ನನ್ನ ಲೆಕ್ಕ ಇಷ್ಟು. ಹತ್ತು ವರ್ಷಕ್ಕ ಬ್ಯಾಸರ, ಇಪ್ಪತ್ತೈದಕ್ಕ ನಗು, ಅರವತ್ತಕ್ಕ 'ಆಂಟಿಕ್'. ನಡುವಿನ ವರ್ಷ ಯಾರೂ ಕರಗಿಸದಂಗ ಕಾಯೋದ ತ್ರಾಸ. ಈಗ ಶೋರೂಮಿನ್ಯಾಗ ಹೊಸ ಬಂಗಾರಕ್ಕ ಕಪ್ಪು ಬಣ್ಣ ಹಚ್ಚಿ ಅಜ್ಜಿ ಕಾಲದ್ದಂಗ ಮಾಡಿ ಮಾರ್ತಾರ, ಮಜೂರಿನೂ ಜಾಸ್ತಿ. ಅಜ್ಜಿದು ಖರೇನ ಇದ್ದದ್ದನ್ನ ನಾವು ಕೊಟ್ಟು ಬಂದೀವಿ.

ಸಿಂಧನೂರಕ್ಕ:

ಎಲ್ಲಾರಿಗೂ ಥ್ಯಾಂಕ್ಸ್ ರೀ. ನಾಲ್ಕು ದಿನ ಆತು ನಾನಿಲ್ಲಿ ಬಂದು. ಏನಾತು ಹೇಳ್ತೀನಿ.

ಖಡಕ್ ರೊಟ್ಟಿ ಅಕ್ಕಾರ ಬರೆದದ್ದನ್ನ ಅವ್ವಗ ಓದಿ ಹೇಳಿದೆ. ಅವ್ವ ತಡಮಾಡಲಿಲ್ಲ, ಸೀದಾ ಹುಡುಗಿಗೆ ಫೋನ್ ಹಚ್ಚಿದ್ಲು. "ಯವ್ವಾ, ನೀ ರೊಟ್ಟಿ ಬಡೀತೀಯೇನು?" ಆಕಿ ಒಂದು ಗಳಿಗಿ ಸುಮ್ಮನಿದ್ದು, "ಇಲ್ಲತ್ತಿ, ನಮ್ಮ ಓಣ್ಯಾಗ ರೊಟ್ಟಿ ಮಾಡೋ ಅಕ್ಕಾರದಾರ, ಅವರ ಕಡಿಂದ ತರ್ತೀವಿ" ಅಂದ್ಲಂತ. ಅವ್ವ ಫೋನ್ ಇಟ್ಟು ಒಂದು ತಾಸು ಮಾತಾಡಲಿಲ್ಲ. ಆಮ್ಯಾಲೆ ತಾನ ಬಂದು, "ಹಂಗಿದ್ರ ಆಕಿ ಹೇಳಿದ್ದ ಹಾಕ್ರಿ, ಅಡ್ಡಿ ಏನೈತಿ" ಅಂದ್ಲು.

ನಿನ್ನೆ ಎಲ್ಲಾರೂ ರಾಯಚೂರಿಗೆ ಹೋಗಿದ್ವಿ. ತತ್ತಿ ಆಕಾರದ್ದ ಹರಳು, ಲ್ಯಾಬ್‌ದು. ಸುತ್ತಿನ ಸಣ್ಣ ಹರಳು ಬಿಟ್ವಿ. ಅದನ್ನ ಬಿಡಿಸಿದ್ದು ನಾನೂ ಅಲ್ಲ, ಅವ್ವನೂ ಅಲ್ಲ, ವಿಡಿಯೋ ಕಾಲಿನ್ಯಾಗ ಹುಡುಗಿನ ಬ್ಯಾಡಂದ್ಲು. ಮೂರು ಹರಳು ಉದುರಿದ ಕಥಿ ತಮ್ಮ ಆಕಿಗೆ ಕಳಿಸಿದ್ನಂತ. 18 ಕ್ಯಾರೆಟ್, ಹಳದಿ. ಕೆಳಗಿನ ಅರ್ಧ ಸಾದಾ.

ಅವ್ವ ತನ್ನ ಅಕ್ಷರದ ಉಂಗುರನೂ ಗಂಟಿನ್ಯಾಗಿಂದ ತೆಗೆದು ತಂದಿದ್ಲು, ಎಕ್ಸ್‌ಚೇಂಜಿಗೆ ಹಾಕಿ ರೊಕ್ಕ ಕಡಿಮಿ ಮಾಡ್ಕೊಳ್ರಿ ಅಂತ. ಅಂಗಡಿಯಾಂವ ತಕ್ಕಡ್ಯಾಗ ಇಟ್ಟು "ಮೀನಾ ತೂಕ ಕಳೀಬೇಕಮ್ಮ" ಅಂದ. "ಎಷ್ಟು ಕಳೀತಿ?" ಅಂದ್ಲು. ಅವ ಹೇಳಿದ. ಅವ್ವ ತಕ್ಕಡಿಯಿಂದ ಎತ್ಕೊಂಡು ಅಲ್ಲೇ ಬೆರಳಿಗೆ ಹಾಕ್ಕೊಂಡ್ಲು. ಬೆರಳಿನ ಗಂಟಿನ ಮ್ಯಾಗ ಏರಲಿಲ್ಲ, ಕಿರುಬೆರಳಿಗೆ ಹಾಕ್ಕೊಂಡ್ಲು. ಬಸ್ಸಿನ್ಯಾಗ ಬರೋಮುಂದ ಕೆಂಪು ಮೀನಾನ ಸೆರಗಿನಿಂದ ತಿಕ್ಕಿಕೋತ ಕುಂತಿದ್ಲು.

ಎಡದೊರೆ ನಾಡು:

ತ್ರೇತಾಯುಗಕ್ಕೆ ಜೈ.

ಖಡಕ್ ರೊಟ್ಟಿ:

ರೊಟ್ಟಿ ಕೊಂಡು ತರೋ ಸೊಸಿ! ನನ್ನ ಪುಣ್ಯ ಇಷ್ಟ ನೋಡ್ರಿ, ನಾ ಯಾಕ ಕೊಪ್ಪಳದಾಗ ಹುಟ್ಟಲಿಲ್ಲ.

ಪತ್ತಾರ ಮನಿ ಹುಡುಗ:

ಚಲೋ ಮಾಡಿದ್ರಿ ಅಕ್ಕಾರ. ಹುಡುಗಿ ಬೆರಳಿನ ಅಳತಿ ಯಾವಾಗ ತಗೊಂಡ್ರಿ?

ಸಿಂಧನೂರಕ್ಕ:

ಆಕಿನ ದಾರ ಸುತ್ತಿ ಸ್ಕೇಲಿಗೆ ಹಿಡಿದು ಫೋಟೋ ಕಳಿಸಿದ್ಲು. ಮುಂಜಾನಿ ಏಳಕ್ಕ.

ಪತ್ತಾರ ಮನಿ ಹುಡುಗ:

🙏